ತರಗೆಲೆಯ ಹಕ್ಕಿ, ತೋಡಿನ ಹಕ್ಕಿ

ಏಪ್ರಿಲ್ ತಿಂಗಳಲ್ಲಿ ಮೊದಲ ಮಳೆ ಬಿದ್ದ ಮರುದಿನ ಬೆಳಗ್ಗೆ ಸುಳ್ಯ, ಕಡಬ ಕಡೆಯ ಯಾವುದಾದರೊಂದು ಗುಡ್ಡದ ಬುಡದಲ್ಲಿ ಅರ್ಧ ತಾಸು ಸದ್ದಿಲ್ಲದೆ ಕುಳಿತವರಿಗೆ ಎರಡು ಬಗೆಯ ಸಪ್ಪಳ ಕೇಳಿಸುವ ಸಂಭವವಿದೆ. ಒಂದು, ಗುಡ್ಡದ ಇಳಿಜಾರಿನಲ್ಲಿ ಯಾರೋ ಒಣಗಿದ ಎಲೆಗಳನ್ನು ಒಂದೊಂದಾಗಿ ಮಗುಚಿಹಾಕುತ್ತಿರುವ ಸದ್ದು. ಇಲಿಯೋ ಓತಿಯೋ ಇರಬೇಕೆಂದು ಹೆಚ್ಚಿನವರು ಅದನ್ನು ಅಲ್ಲಿಗೇ ಬಿಡುತ್ತಾರೆ. ಇನ್ನೊಂದು, ಕೆಳಗೆ ತೋಡಿನ ಬದಿಯ ಮುಂಡುಗದ ಹಿಂಡಲಿನೊಳಗಿಂದ ಬರುವ, ಸಣ್ಣ ಗೊಣಗಾಟದಂಥ ಚರ್ರೆನ್ನುವ ದನಿ. ಎರಡೂ ಹಕ್ಕಿಗಳವೇ. ಎರಡನ್ನೂ ಕನ್ನಡದಲ್ಲಿ ಹರಟೆಮಲ್ಲಗಳೆಂದು ಕರೆಯಲಾಗುತ್ತದೆ. ಅಂಗಳದಲ್ಲಿ ಆರೇಳು ಕೂಡಿಕೊಂಡು ಗಲಾಟೆಯೆಬ್ಬಿಸುವ ಕಾಡು ಹರಟೆಮಲ್ಲವನ್ನು ಅರಿಯದವರಿಲ್ಲ. ಅದರ ಈ ಇಬ್ಬರು ಹೆಸರಿನ ನೆಂಟರನ್ನು ಮಾತ್ರ ಅರಿತವರು ಕಡಿಮೆ.

ಹೆಸರಿನ ನೆಂಟರೆನ್ನಲು ಕಾರಣವಿದೆ. ಅನುವಂಶಿಕ ಅಧ್ಯಯನಗಳ ಬಳಿಕ ಪಕ್ಷಿಶಾಸ್ತ್ರಜ್ಞರು ಹಳೆಯ ಹರಟೆಮಲ್ಲಗಳ ದೊಡ್ಡ ಕುಟುಂಬವನ್ನು ಒಡೆದಿದ್ದಾರೆ. ಅಂಗಳದ ಹರಟೆಮಲ್ಲ, ತರಗೆಲೆ ಮಗುಚುವ ಚುಕ್ಕೆ ಹರಟೆಮಲ್ಲ, ತೋಡಿನ ಬದಿಯ ಕರಿತಲೆ ಹರಟೆಮಲ್ಲ — ಈ ಮೂರೂ ಇಂದು ಮೂರು ಬೇರೆ ಬೇರೆ ಕುಟುಂಬಗಳಿಗೆ ಸೇರಿವೆ. ಚುಕ್ಕೆ ಹರಟೆಮಲ್ಲಕ್ಕೆ ಪೆಲ್ಲೋರ್ನಿಯಮ್ ರೂಫಿಸೆಪ್ಸ್ ಎಂಬ ಹೆಸರನ್ನು ಸ್ವೇನ್‌ಸನ್ 1832ರಲ್ಲಿ ಕೊಟ್ಟನು. ಕರಿತಲೆಯ ಹಕ್ಕಿಯನ್ನು 1839ರಲ್ಲಿ ವಿವರಿಸಿದವನು ಮದರಾಸು ಸೇನೆಯ ವೈದ್ಯನಾಗಿದ್ದ ಜರ್ಡನ್. ಇದನ್ನು ದೀರ್ಘಕಾಲ ರೋಪೊಸಿಕ್ಲಾ ಅಟ್ರಿಸೆಪ್ಸ್ ಎಂದು ಕರೆಯಲಾಗುತ್ತಿತ್ತು. ಈಚೆಗೆ ಡ್ಯುಮೇಷಿಯ ಎಂಬ ಕುಲಕ್ಕೆ ವರ್ಗಾಯಿಸಲಾಗಿದೆ. ಹೆಸರುಗಳು ಬದಲಾಗುತ್ತಿರುತ್ತವೆ, ಹಕ್ಕಿಗಳಿಗೆ ಅದರ ಗೊಡವೆಯಿಲ್ಲ. ಆದರೆ ಒಂದೇ ಗುಡ್ಡದ ಮೇಲೊಂದು, ಕೆಳಗೊಂದು ಬಾಳುವ ಈ ಎರಡರ ಬದುಕನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಪುತ್ತೂರಿನ ಸುತ್ತಲಿನ ಗುಡ್ಡಗಳಿಗೆ ಏನಾಗುತ್ತಿದೆಯೆಂಬುದು ಮರಗಳನ್ನು ಎಣಿಸುವುದಕ್ಕಿಂತ ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಚುಕ್ಕೆ ಹರಟೆಮಲ್ಲ ಗುಬ್ಬಿಗಿಂತ ತುಸು ದೊಡ್ಡದು. ನೆತ್ತಿ ಕೆಂಗಂದು, ಕಣ್ಣಿನ ಮೇಲೆ ಬಿಳಿಯ ಹುಬ್ಬು, ಬಿಳಿಯ ಗಂಟಲು, ಎದೆಯ ಮೇಲೆ ಕಂದು ಗೀರುಚುಕ್ಕೆಗಳು. ಹಾಡುವಾಗ ಗಂಟಲಿನ ಗರಿಗಳು ಉಬ್ಬುತ್ತವೆ. ಇದರ ಬಾಳೆಲ್ಲ ನೆಲದ ಮೇಲೆ. ಕುಪ್ಪಳಿಸುತ್ತ, ಎಲೆಗಳನ್ನು ಕೊಕ್ಕಿನಿಂದ ಆಚೀಚೆ ಎಸೆಯುತ್ತ, ಕೆಳಗೆ ಅಡಗಿದ ಹುಳುಹುಪ್ಪಟೆಗಳನ್ನು ಆಯುತ್ತದೆ. ಗೂಡನ್ನೂ ನೆಲದಲ್ಲಿಯೇ, ಪೊದೆಯ ಬುಡದಲ್ಲಿ, ಒಣ ಎಲೆಗಳಿಂದ ಗುಮ್ಮಟದಂತೆ ಕಟ್ಟುತ್ತದೆ, ಬಾಗಿಲು ಪಕ್ಕದಲ್ಲಿ. ಹತ್ತಿರ ಹೋದವರಿಗೂ ಅದು ಗಾಳಿಗೆ ಒಟ್ಟಾದ ತರಗೆಲೆಯ ರಾಶಿಯೆಂದೇ ತೋರುತ್ತದೆ. ಈ ಹಕ್ಕಿ ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯದವರೆಗೂ ಇದೆ. ದಟ್ಟ ಕಾಡೇ ಆಗಬೇಕೆಂಬ ಹಟವಿಲ್ಲ. ಬಿದಿರುಮೆಳೆ, ಕುರುಚಲು ಕಾಡು, ಬಿಟ್ಟ ಗೇರುತೋಟದ ಅಂಚು, ಕುಮ್ಕಿಯ ಹಿಂಡಲು — ನೆರಳು, ಪೊದೆ, ತರಗೆಲೆ ಮೂರೂ ಇದ್ದರೆ ಸಾಕು. ಅಂಥ ಅಂಚಿನಿಂದ ಅಡಿಕೆ ತೋಟದೊಳಗೂ ಬಂದು ಹೋಗುವುದುಂಟು.

ಕರಿತಲೆ ಹರಟೆಮಲ್ಲ ಅದಕ್ಕಿಂತ ಚಿಕ್ಕದು, ಸುಮಾರು 13 ಸೆಂಟಿಮೀಟರು. ಕಪ್ಪು ಕುಲಾವಿ ತೊಟ್ಟಂತಹ ತಲೆ, ಅದರೊಳಗೆ ತಿಳಿಹಳದಿ ಕಣ್ಣು, ಕೆಳಮೈ ಬಿಳಿ, ಬೆನ್ನು ಕಂದು. ಇದು ಒಂಟಿಯಾಗಿರುವುದು ಅಪರೂಪ; ಸಣ್ಣ ಗುಂಪುಗಳಲ್ಲಿ ಪೊದೆಯಿಂದ ಪೊದೆಗೆ ಜಾರುತ್ತದೆ, ಬಯಲಿಗೆ ಬರುವುದು ತೀರಾ ಕಡಿಮೆ. ನೆಲದಿಂದ ಸೊಂಟದೆತ್ತರದ ವರೆಗಿನ ಗೊಂದಲದ ಹಸುರೇ ಇದರ ರಾಜ್ಯ: ವಾಟೆ, ಬೆತ್ತ, ಮುಂಡುಗ, ಜರಿಗಿಡ, ತೋಡಿಗೆ ಬಾಗಿದ ಬಳ್ಳಿಗಳು. ಗೂಡು ಎಲೆಗಳ ಒರಟು ಚೆಂಡು. ನೆಲಕ್ಕಿಂತ ಎರಡು ಮೂರು ಅಡಿ ಮೇಲೆ ಗಿಡದ ಕವಲಿನಲ್ಲಿ. ಮೊಟ್ಟೆ ಸಾಮಾನ್ಯವಾಗಿ ಎರಡೇ. ಮರಿ ಮಾಡದ ಕಾಲದಲ್ಲೂ ಮಲಗುವುದಕ್ಕೆಂದೇ ಇಂಥ ಚೆಂಡುಗೂಡುಗಳನ್ನು ಕಟ್ಟಿಕೊಳ್ಳುವ ಅಭ್ಯಾಸ ಇದಕ್ಕಿದೆ. ಪ್ರಪಂಚದಲ್ಲಿ ಇದು ಇರುವುದು ಪಶ್ಚಿಮ ಘಟ್ಟಗಳಲ್ಲಿ ಮತ್ತು ಶ್ರೀಲಂಕೆಯಲ್ಲಿ ಮಾತ್ರ. ಪುಷ್ಪಗಿರಿಯ ಪಡುವಣ ಇಳಿಜಾರು, ಸುಬ್ರಹ್ಮಣ್ಯದ ಮೀಸಲು ಅರಣ್ಯ, ಬಿಸಿಲೆಯ ಕಡೆಯ ಕಣಿವೆಗಳು ಇದಕ್ಕೆ ಹೇಳಿ ಮಾಡಿಸಿದ ನೆಲ.

ಇವೆರಡೂ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ 'ಕನಿಷ್ಠ ಆತಂಕ'ದ ವರ್ಗದಲ್ಲಿವೆ. ಆದುದರಿಂದಲೇ ಇವುಗಳ ಬಗ್ಗೆ ಯಾರಿಗೂ ಆತಂಕವಿಲ್ಲ. ಮಂಗಟ್ಟೆಗೆ ಅಭಿಮಾನಿಗಳಿದ್ದಾರೆ, ಸಿಂಗಳೀಕಕ್ಕೆ ಸಂಶೋಧಕರಿದ್ದಾರೆ. ಪೊದೆಯೊಳಗಿನ ಕಂದು ಹಕ್ಕಿಗೆ ಯಾರಿದ್ದಾರೆ? ಒಂದು ಪ್ರಭೇದ ಭೂಮಂಡಲದಲ್ಲಿ ಸುರಕ್ಷಿತವಾಗಿದೆಯೆಂಬುದು, ಅದು ಕೊಲ್ಲಮೊಗ್ರದ ಒಂದು ತೋಡಿನಲ್ಲಿ ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರವಾಗುವುದಿಲ್ಲ.

ಒಂದೇ ಕಾಡಿನ ಕೆಳಹಂತದಲ್ಲಿ ಬಾಳುವ ಇಂಥ ಎರಡು ಹಕ್ಕಿಗಳ ಹೋಲಿಕೆ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ ಸಾಗರದಾಚೆ ಒಂದು ನಿದರ್ಶನವಿದೆ. ಮಧ್ಯ ಹಾಗೂ ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಇರುವೆಹಕ್ಕಿಗಳೆಂಬ ದೊಡ್ಡ ಕುಟುಂಬವಿದೆ. 230ಕ್ಕೂ ಹೆಚ್ಚು ಪ್ರಭೇದಗಳು. ಅವು ಮುಖ್ಯವಾಗಿ ಇರುವೆಗಳನ್ನು ತಿನ್ನುವ ಹಕ್ಕಿಗಳಲ್ಲ. ಅವುಗಳಲ್ಲಿ ಕೆಲವು, ಸೈನಿಕ ಇರುವೆಗಳ ದಂಡು ನೆಲದ ಮೇಲೆ ಹರಡಿ ಸಾಗುವಾಗ ಜೀವಭಯದಿಂದ ಎಲೆಗಳಡಿಯಿಂದ ಹೊರಬೀಳುವ ಜಿರಳೆ, ಜೇಡ, ಮಿಡತೆಗಳನ್ನು ಹಿಡಿಯಲು ದಂಡಿನ ಮುಂದೆ ಕಾದಿರುತ್ತವೆ. ಪನಾಮದಿಂದ ಈಕ್ವೆಡಾರಿನವರೆಗೆ ಇಂಥ ಎರಡು ಹಕ್ಕಿಗಳು ಜೊತೆಯಾಗಿವೆ. ಕಣ್ಚುಕ್ಕೆ ಇರುವೆಹಕ್ಕಿ ದೊಡ್ಡದು, ಸುಮಾರು 50 ಗ್ರಾಂ ತೂಕದ್ದು. ಇರುವೆಯ ದಂಡಿಲ್ಲದೆ ಅದರ ಹೊಟ್ಟೆ ತುಂಬುವುದೇ ಇಲ್ಲ. ಚುಕ್ಕೆ ಇರುವೆಹಕ್ಕಿ ಅದರ ಮೂರನೆಯ ಒಂದು ಭಾಗದಷ್ಟು ತೂಕದ್ದು. ದಂಡು ಸಿಕ್ಕಿದರೆ ಸರಿ, ಸಿಗದಿದ್ದರೆ ತನ್ನ ಪಾಡಿಗೆ ಪೊದೆಯಲ್ಲಿ ಬೇಟೆಯಾಡಿಕೊಳ್ಳುತ್ತದೆ.

ಪನಾಮಾ ಕಾಲುವೆಗಾಗಿ ಅಣೆಕಟ್ಟು ಕಟ್ಟಿದಾಗ, 1914ರ ಹೊತ್ತಿಗೆ, ಗಟುನ್ ಸರೋವರದ ನೀರು ಏರಿ ಒಂದು ಗುಡ್ಡ ದ್ವೀಪವಾಗಿ ಉಳಿಯಿತು. ಅದೇ ಬಾರೊ ಕೊಲರಾಡೊ. ಸುಮಾರು 1,500 ಹೆಕ್ಟೇರಿನ ಈ ದ್ವೀಪವನ್ನು 1923ರಿಂದ ಕಾಪಿಡಲಾಗಿದೆ, ಮರ ಕಡಿದವರಿಲ್ಲ. ಆದರೂ 1960ರ ದಶಕದಲ್ಲಿ ಅಲ್ಲಿ ಅಧ್ಯಯನ ನಡೆಸಿದ ಎಡ್ವಿನ್ ವಿಲ್ಲಿಸ್ ಎಂಬ ವಿಜ್ಞಾನಿಯ ಕಣ್ಣೆದುರಿನಲ್ಲಿಯೇ ಕಣ್ಚುಕ್ಕೆಯ ಹಕ್ಕಿ ಕ್ಷೀಣಿಸುತ್ತ ಹೋಗಿ, ಮುಂದೆ ದ್ವೀಪದಿಂದ ಇಲ್ಲವಾಯಿತು. ಚಿಕ್ಕದು ಉಳಿಯಿತು. ಅಷ್ಟೇ ಅಲ್ಲ, ದೊಡ್ಡದು ಹೋದ ಬಳಿಕ ಚಿಕ್ಕದು ಇರುವೆದಂಡುಗಳನ್ನು ಹೆಚ್ಚು ಹೆಚ್ಚಾಗಿ ಹಿಂಬಾಲಿಸತೊಡಗಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಎದುರುದಂಡೆಯ ಕಾಡಿನಲ್ಲಿ ಕಣ್ಚುಕ್ಕೆಯ ಹಕ್ಕಿ ಇದ್ದೇ ಇತ್ತು. ನಡುವೆ ಇದ್ದುದು ಕೆಲವು ನೂರು ಮೀಟರು ನೀರು. ಅದೇ ಸರೋವರದಲ್ಲಿ ಸಂಶೋಧಕರು ಕಾಡಿನ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು ದಡದಿಂದ ಅಳೆದ ದೂರದಲ್ಲಿ ಬಿಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಪೊದೆವಾಸಿ ಹಕ್ಕಿಗಳಲ್ಲಿ ಹಲವು 100 ಮೀಟರನ್ನೂ ಹಾರಲಾರದೆ ಹೋದವು. ರೆಕ್ಕೆಯಿದ್ದ ಮಾತ್ರಕ್ಕೆ ಎಲ್ಲಿಗೂ ಹಾರಿಹೋಗಬಲ್ಲದೆಂಬುದು ಮನುಷ್ಯನ ಕಲ್ಪನೆ.

ಪಶ್ಚಿಮ ಘಟ್ಟದಲ್ಲಿ ನೆಲದ ಮೇಲೆ ಆ ಬಗೆಯಲ್ಲಿ ಹರವಾಗಿ ದಂಡೆತ್ತಿ ಹೋಗುವ ಇರುವೆಯಿಲ್ಲ. ಅದನ್ನೇ ನಂಬಿದ ಹಕ್ಕಿಕುಲವೂ ಇಲ್ಲ. ಇಲ್ಲಿ ಆ ಕೆಲಸವನ್ನು ತಕ್ಕಮಟ್ಟಿಗೆ ಹಕ್ಕಿಗಳೇ ಪರಸ್ಪರ ಮಾಡಿಕೊಳ್ಳುತ್ತವೆ. ಭೀಮರಾಜನ ಸುತ್ತ ಹತ್ತಾರು ಬಗೆಯ ಹಕ್ಕಿಗಳು ಕೂಡಿ ಸಾಗುವ ಮಿಶ್ರಗುಂಪುಗಳನ್ನು ಘಟ್ಟದ ಕಾಡಿನಲ್ಲಿ ನಡೆದವರೆಲ್ಲ ಕಂಡಿರುತ್ತಾರೆ. ಆದುದರಿಂದ ಪನಾಮದ ಕಥೆಯನ್ನು ಹಾಗೆಯೇ ಎತ್ತಿ ಇಲ್ಲಿ ಇಡುವಂತಿಲ್ಲ. ಹೋಲುವುದು ಆಹಾರದ ರೀತಿಯಲ್ಲ, ಬಾಳಿನ ಕಟ್ಟುಪಾಡು. ಒಂದು ಹಲವು ಬಗೆಯ ನೆಲಕ್ಕೆ ಒಗ್ಗಬಲ್ಲದು. ಇನ್ನೊಂದು ತನ್ನ ಸೀಮೆಯನ್ನು ದಾಟಲಾರದು. ಗಿಡ್ಡನೆಯ ದುಂಡು ರೆಕ್ಕೆಯ, ಬಯಲಿಗೆ ಬರಲು ಅಂಜುವ ಕರಿತಲೆ ಹರಟೆಮಲ್ಲಕ್ಕೆ ಎರಡು ತೋಡುಗಳ ನಡುವೆ ಬೋಳಿಸಿ ನಿಲ್ಲಿಸಿದ ಗುಡ್ಡ ಸರೋವರದ ನೀರಿಗಿಂತ ಎಷ್ಟು ಭಿನ್ನ?

ಈಗ ಪುತ್ತೂರಿನ ಗುಡ್ಡಗಳಿಗೆ ಬರಬಹುದು. ಅಡಿಕೆ ಬೆಳೆಗಾರರ ಪರವಾಗಿ ಹೇಳಬೇಕಾದ ಮಾತು ಮೊದಲು. ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ನಡೆದು 2008ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಸಾಗುವಳಿ ಕಂಡ ಆ ನೆಲದಲ್ಲಿ ಕಾಡಿನ ಹಕ್ಕಿಗಳ ಶೇ. 90ರಷ್ಟು ಪ್ರಭೇದಗಳು ಉಳಿದಿವೆಯೆಂದು ಕಂಡುಕೊಂಡಿತು. ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಸುಭಾಷ್ ಚಂದ್ರನ್ ಮೊದಲಾದವರ ಈ ಅಧ್ಯಯನವನ್ನು ಅಡಿಕೆಯ ಪರವಾದ ಪ್ರಮಾಣಪತ್ರದಂತೆ ಸಭೆಗಳಲ್ಲಿ ಉದ್ಧರಿಸುವುದುಂಟು. ಆದರೆ ಅದರ ಹುರುಳಿರುವುದು ಅಡಿಕೆ ಮರದಲ್ಲಿ ಅಲ್ಲ, ಅಡಿಕೆಯ ಬುಡಕ್ಕೆ ಹಾಕುವ ಸೊಪ್ಪಿನಲ್ಲಿ. ಸೊಪ್ಪು, ದರಗು ಬೇಕಾಗಿದ್ದುದರಿಂದಲೇ ತೋಟದ ಪಕ್ಕದ ಕಾಡು ಕಾಡಾಗಿ ಉಳಿಯಿತು. ದಕ್ಷಿಣ ಕನ್ನಡದ ಕುಮ್ಕಿಯೂ ಇದೇ ಬಗೆಯ ಏರ್ಪಾಡು. ವರ್ಗ ಜಮೀನಿನಿಂದ 450 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಸೌದೆ, ಮೇವಿಗೆ ಕೃಷಿಕನಿಗಿದ್ದ ಹಕ್ಕು. ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ತೋಟಕ್ಕೆ. ತೋಟಕ್ಕಾಗಿ ಗುಡ್ಡ, ಗುಡ್ಡಕ್ಕಾಗಿ ತೋಡು. ಚುಕ್ಕೆ ಹರಟೆಮಲ್ಲ ಬದುಕಿದ್ದು ಈ ಸರಪಳಿಯ ಮೇಲಿನ ಕೊಂಡಿಯಲ್ಲಿ, ಕರಿತಲೆಯದು ಕೆಳಗಿನ ಕೊಂಡಿಯಲ್ಲಿ. ದರಗನ್ನು ಪೂರ್ತಿ ಗುಡಿಸಿ ತರುತ್ತಿದ್ದ ಮನೆಗಳೂ ಇದ್ದವೆಂಬುದನ್ನು ಮರೆಯಬಾರದು; ಹಿಂದೆ ಎಲ್ಲವೂ ಸುಭಿಕ್ಷವಾಗಿತ್ತೆಂಬ ವಾದ ಇಲ್ಲಿಲ್ಲ.

ಈ ಸರಪಳಿ ಕಡಿದುದು ಕೊಡಲಿಯಿಂದಲ್ಲ. ಹಟ್ಟಿಯಲ್ಲಿ ದನ ಕಡಿಮೆಯಾದಂತೆ ಸೊಪ್ಪು ಬೇಡವಾಯಿತು. ಸೊಪ್ಪು ಬೇಡವಾದ ಗುಡ್ಡ 'ಖಾಲಿ ಜಾಗ'ವಾಯಿತು. ಮಣ್ಣು ಅಗೆಯುವ ಯಂತ್ರ ಬಂದ ಮೇಲೆ, ಹಿಂದೆ ಒಂದು ತಲೆಮಾರು ಮಾಡುತ್ತಿದ್ದ ಕೆಲಸ ಒಂದು ವಾರದಲ್ಲಿ ಮುಗಿಯತೊಡಗಿತು. ಸಂಪಾಜೆ, ಅರಂತೋಡು ಕಡೆಯಲ್ಲಿ ಅಡಿಕೆಯ ಹಳದಿ ಎಲೆ ರೋಗ ತೋಟಗಳನ್ನೇ ನುಂಗಿದಾಗ ಕೃಷಿಕರು ರಬ್ಬರಿನತ್ತ ಹೊರಳಿದುದರಲ್ಲಿ ತಪ್ಪು ಹುಡುಕುವಂತಿಲ್ಲ. ಸಾಲ ತೀರಿಸಬೇಕಾದವನ ಮುಂದೆ ಹಕ್ಕಿಯ ಹೆಸರು ಹೇಳುವುದು ಸಭ್ಯತೆಯಲ್ಲ. ಸುಳ್ಯ, ಪುತ್ತೂರುಗಳಲ್ಲಿ ರಬ್ಬರು ಹೊಸತೂ ಅಲ್ಲ. 1964ರ ಭಾರತ-ಶ್ರೀಲಂಕಾ ಒಪ್ಪಂದದ ಬಳಿಕ ಮರಳಿ ಬಂದ ತಮಿಳು ಕುಟುಂಬಗಳ ಪುನರ್ವಸತಿಗಾಗಿ ಸರ್ಕಾರವೇ ಅರಣ್ಯಭೂಮಿಯಲ್ಲಿ ರಬ್ಬರು ಬೆಳೆಸಿತು. ಪ್ರಶ್ನೆ ರಬ್ಬರು ಇರಬೇಕೇ ಬೇಡವೇ ಎಂಬುದಲ್ಲ. ರಬ್ಬರಿನ ಬುಡದಲ್ಲಿ ಏನಿದೆ, ರಬ್ಬರಿನ ಕೆಳಗಿನ ತೋಡಿನ ಬದಿಯಲ್ಲಿ ಏನು ಉಳಿದಿದೆ ಎಂಬುದು.

ರಬ್ಬರು ಮರವೂ ಎಲೆ ಉದುರಿಸುತ್ತದೆ. ಒಂದಿಷ್ಟು ಪೊದೆ ಬಿಟ್ಟ ಹಳೆಯ ತೋಟದಲ್ಲಿ ಚುಕ್ಕೆ ಹರಟೆಮಲ್ಲ ಹೊಂದಿಕೊಂಡೀತು. ಹೊದಿಕೆ ಬಳ್ಳಿಯೊಂದೇ ಹಾಸಿದ, ಅಥವಾ ಯಂತ್ರದಿಂದ ಬುಡಮಟ್ಟ ಕತ್ತರಿಸಿದ, ಅಥವಾ ಕಳೆನಾಶಕ ಹೊಡೆದ ನೆಲದಲ್ಲಿ ಅದಕ್ಕೂ ಜಾಗವಿಲ್ಲ. ಗ್ಲೈಫೋಸೇಟ್ ಕಳೆನಾಶಕವನ್ನು ಕೀಟನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಆದೇಶ ಗುಡ್ಡದವರೆಗೆ ನಡೆದು ಬರುವುದು ಬೇರೆ ಮಾತು. ಅಕೇಶಿಯ ನೆಡುತೋಪುಗಳಲ್ಲಿ ದರಗಿಗೆ ಕೊರತೆಯಿಲ್ಲ. ಆದರೆ ಅದು ಬೇಗ ಕೊಳೆಯದು, ಅಡಿಯಲ್ಲಿ ಪೊದೆಯೂ ಹುಟ್ಟದು. ತೋಡಿನ ಕಥೆ ಇನ್ನೂ ಸಂಕ್ಷಿಪ್ತ. 'ಸ್ವಚ್ಛ' ಮಾಡುವ ಹೆಸರಿನಲ್ಲಿ ಮುಂಡುಗವನ್ನು ಕಿತ್ತು ಕಲ್ಲಿನ ಗೋಡೆ ಕಟ್ಟಿದ ತೋಡಿನಲ್ಲಿ ಕರಿತಲೆಯ ಹಕ್ಕಿಗೆ ನಿಲ್ಲಲು ಒಂದು ಕಡ್ಡಿಯೂ ಇರುವುದಿಲ್ಲ. ನಾಗಬನಗಳೂ ಆ ದಾರಿ ಹಿಡಿದಿವೆ. ಮರಬಳ್ಳಿಗಳನ್ನು ತೆಗೆದು ಶಿಲೆಯ ಕಟ್ಟೆ, ಕಾಂಕ್ರೀಟಿನ ಆವರಣ ನಿರ್ಮಿಸಿದುದನ್ನು ಜೀರ್ಣೋದ್ಧಾರವೆನ್ನುತ್ತಾರೆ. ನಾಗನಿಗೆ ತಂಪು ಬೇಕೆಂದು ನಂಬುವವರೇ ತಂಪನ್ನು ಕಡಿದು ಬಿಸಿಲಿನಲ್ಲಿ ಎಳನೀರೆರೆಯುವುದು ವಿಚಿತ್ರ.

ಇಷ್ಟಾದರೂ ಜಿಲ್ಲೆ ನಕ್ಷೆಯ ಮೇಲೆ ಹಸುರಾಗಿಯೇ ಕಾಣುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವ್ಯಾಖ್ಯೆಯಂತೆ, ಒಂದು ಹೆಕ್ಟೇರಿಗಿಂತ ವಿಸ್ತಾರವಾದ ನೆಲದಲ್ಲಿ ಶೇ. 10ಕ್ಕೆ ಮಿಕ್ಕಿ ಮರಗಳ ನೆತ್ತಿಯ ನೆರಳಿದ್ದರೆ ಅದು 'ಅರಣ್ಯ ಹೊದಿಕೆ'. ಒಡೆತನ ಯಾರದೆಂದಾಗಲಿ, ಮರ ಯಾವುದೆಂದಾಗಲಿ ಕೇಳುವುದಿಲ್ಲ. ರಬ್ಬರೂ ಸೇರಿತು, ತೋಪೂ ಸೇರಿತು, ತಾಳೆ ಜಾತಿಯ ತೋಟವೂ ಸೇರಿತು. ಉಪಗ್ರಹಕ್ಕೆ ಕಾಣುವುದು ಮರದ ನೆತ್ತಿ. ಈ ಎರಡು ಹಕ್ಕಿಗಳು ಬಾಳುವ, ನೆಲದಿಂದ ಸೊಂಟದವರೆಗಿನ ಮೂರಡಿ ಅದಕ್ಕೆ ಕಾಣುವುದೇ ಇಲ್ಲ. ಕಾಡಿನ ಕೆಳಮನೆ ಖಾಲಿಯಾದರೂ ಮೇಲ್ಛಾವಣಿಯನ್ನು ಅಳೆದು ಮನೆ ಭದ್ರವಾಗಿದೆಯೆಂದು ವರದಿ ಬರೆಯಲಾಗುತ್ತದೆ. ಆ ಮೂರಡಿಯಲ್ಲಿ ಹಕ್ಕಿ ಮಾತ್ರ ಇರುವುದಲ್ಲ. ಜಡಿಮಳೆಯ ಹನಿಯ ಪೆಟ್ಟನ್ನು ತಡೆಯುವುದು, ನೀರನ್ನು ನಿಧಾನವಾಗಿ ಇಂಗಿಸುವುದು, ಮಣ್ಣನ್ನು ಹಿಡಿದಿಡುವುದು ಬಹುಪಾಲು ಅದೇ ಪೊದೆ, ಅದೇ ತರಗೆಲೆ. ಚುಕ್ಕೆ ಹರಟೆಮಲ್ಲ ಹಾಡುವ ಇಳಿಜಾರಿನಲ್ಲಿ ಮಳೆಗಾಲದ ನೀರು ತಿಳಿಯಾಗಿ ಇಳಿಯುತ್ತದೆ. ಬೋಳಿಸಿದ ಪಕ್ಕದ ಇಳಿಜಾರಿನಲ್ಲಿ ಕೆಂಪಾಗಿ ಇಳಿಯುತ್ತದೆ. ಜೂನ್ ತಿಂಗಳಲ್ಲಿ ಯಾವ ಸೇತುವೆಯ ಮೇಲೆ ನಿಂತರೂ ಇದನ್ನು ನೋಡಬಹುದು.

ಎರಡು ಹಕ್ಕಿಗಳ ನಡುವಣ ಭೇದದಿಂದ ಒಂದು ವ್ಯಾವಹಾರಿಕ ನಿರ್ಣಯಕ್ಕೂ ಬರಬಹುದು. ಗುಡ್ಡವನ್ನೆಲ್ಲ ಕಾಡಾಗಿ ಬಿಡಿ ಎಂದು ಯಾವ ಕೃಷಿಕನನ್ನೂ ಕೇಳಲಾಗದು, ಕೇಳಬೇಕಾಗಿಯೂ ಇಲ್ಲ. ಚುಕ್ಕೆ ಹರಟೆಮಲ್ಲ ಬೇಡುವುದು ಅತಿ ಸ್ವಲ್ಪ: ತೋಟದ ಅಂಚಿನಲ್ಲಿ ಸುಡದ, ಗುಡಿಸದ ಒಂದು ಪಟ್ಟಿ; ಹುಲ್ಲು ಕತ್ತರಿಸುವ ಯಂತ್ರವನ್ನು ಒಂದೇ ಸಲಕ್ಕೆ ಇಡೀ ಗುಡ್ಡಕ್ಕೆ ಹಾಯಿಸದೆ ಬದಲಿ ಬದಲಿ ಪಟ್ಟಿಗಳಲ್ಲಿ ಹಾಯಿಸುವ ತಾಳ್ಮೆ; ಗೂಡು ಕಟ್ಟುವ ತಿಂಗಳುಗಳಲ್ಲಿ ಪೊದೆಯ ಬುಡವನ್ನು ಮುಟ್ಟದಿರುವುದು. ಆಳು ಸಿಗದ ಈ ಕಾಲದಲ್ಲಿ ಕಡಿಮೆ ಕತ್ತರಿಸಿ ಎಂಬುದು ಖರ್ಚಿನ ಸಲಹೆಯಲ್ಲ. ಕರಿತಲೆಯ ಹಕ್ಕಿಗೆ ಇದು ಸಾಲದು. ಅದಕ್ಕೆ ಬೇಕಾದುದು ಮುರಿಯದ ಸಾಲು. ಮೇಲಿನ ಕಾಡಿನಿಂದ ಕೆಳಗಿನ ಹೊಳೆಯವರೆಗೆ ತೋಡಿನ ಎರಡೂ ಬದಿಯಲ್ಲಿ ಹತ್ತು ಹೆಜ್ಜೆಯಷ್ಟಾದರೂ ಬಿಟ್ಟ ಹಿಂಡಲು. ಇದನ್ನು ಒಬ್ಬ ಕೃಷಿಕ ಮಾಡಲಾರ. ತೋಡು ನಾಲ್ಕು ಮನೆಗಳ ಜಾಗದಲ್ಲಿ ಹರಿಯುತ್ತದೆ; ಮೂವರು ಬಿಟ್ಟು ಒಬ್ಬ ಬೋಳಿಸಿದರೂ ಸಾಲು ಮುರಿಯಿತು. ಆದುದರಿಂದ ಮೊದಲನೆಯದು ಮನೆಯ ತೀರ್ಮಾನ, ಎರಡನೆಯದು ಊರಿನ ತೀರ್ಮಾನ. ಸಂರಕ್ಷಣೆಯ ಯೋಜನೆಗಳಲ್ಲಿ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬಿ 'ಜನಜಾಗೃತಿ' ಎಂದು ಕರೆಯುವುದರಿಂದಲೇ ಎರಡೂ ಆಗದೆ ಉಳಿಯುತ್ತವೆ.

ಊರಿನ ತೀರ್ಮಾನಕ್ಕೆ ಕಾನೂನಿನಲ್ಲಿ ಒಂದು ಜಾಗವಿದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು, ಜನತಾ ಜೀವವೈವಿಧ್ಯ ದಾಖಲೆ ಸಿದ್ಧವಾಗಬೇಕು. ಇಂಥ ದಾಖಲೆಗಳಲ್ಲಿ ಸಾಮಾನ್ಯವಾಗಿ ಔಷಧಿ ಗಿಡಗಳ ಪಟ್ಟಿ ಉದ್ದವಾಗಿರುತ್ತದೆ, ಹಕ್ಕಿಗಳ ಪಟ್ಟಿಯಲ್ಲಿ ನವಿಲು, ಗಿಳಿ, ಕಾಗೆ ಇರುತ್ತವೆ. ಯಾವ ತೋಡಿನ ಯಾವ ಬದಿಯಲ್ಲಿ ವಾಟೆ, ಮುಂಡುಗ ಉಳಿದಿದೆ, ಎಲ್ಲಿ ಮುರಿದಿದೆ ಎಂಬುದು ಅದರಲ್ಲಿ ಸೇರಬೇಕು. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುನ್ನ ಈ ಎರಡು ಹಕ್ಕಿಗಳ ದನಿ ಎಲ್ಲೆಲ್ಲಿ ಕೇಳಿಸಿತೆಂದು ಶಾಲೆಯ ಮಕ್ಕಳೇ ಗುರುತು ಹಾಕಬಲ್ಲರು. ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಈ ಜಿಲ್ಲೆ ಒಮ್ಮೆ ಕಂಡಿದೆ. ಕೊಕ್ಕಡ ಆಸುಪಾಸಿನ ಗೇರುತೋಟಗಳ ಮೇಲೆ ವರ್ಷಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು; ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಾದ್ಯಂತ ತಡೆದುದು 2011ರಲ್ಲಿ. ಮನುಷ್ಯರಿಗಾದ ಕೇಡನ್ನು ಜನರೇ ಹೋರಾಡಿ ದಾಖಲಿಸಿದರು. ಗೇರಿನ ಬುಡದ ತರಗೆಲೆಯಲ್ಲಿದ್ದ ಹಕ್ಕಿಗಳಿಗೆ ಆ ವರ್ಷಗಳಲ್ಲಿ ಏನಾಯಿತೆಂದು ತೆಗೆದು ತೋರಿಸಲು ಯಾವ ಪಂಚಾಯಿತಿಯಲ್ಲಿಯೂ ಒಂದು ಹಾಳೆಯಿಲ್ಲ.

ಅಷ್ಟಮಿ, ಚೌತಿ ಹತ್ತಿರವಾದಾಗ ಮೂಡೆ ಕಟ್ಟಲು ಮುಂಡುಗದ ಎಲೆ ಕೊಯ್ಯುವ ಹೆಂಗಸರು ಇಂದಿಗೂ ತೋಡಿನ ಬದಿಗೆ ಹೋಗುತ್ತಾರೆ. ಯಾವ ತೋಡಿನಲ್ಲಿ ಮುಂಡುಗ ಉಳಿದಿದೆಯೆಂದು ನಕ್ಷೆಯಿಲ್ಲದೆ ಹೇಳಬಲ್ಲವರು ಅವರೇ. ಮುಳ್ಳು ತಾಗದಂತೆ ಎಲೆಯನ್ನು ಸರಿಸುವಾಗ ಒಳಗಿನಿಂದ ಚರ್ರೆಂದು ಬೈದು ಜಾರಿಕೊಳ್ಳುವ ಕಪ್ಪು ತಲೆಯ ಪುಟ್ಟ ಹಕ್ಕಿಯನ್ನು ಅವರಲ್ಲಿ ಹಲವರು ಕಂಡಿರಬಹುದು. ದಾಖಲೆಯ ಕೆಲಸವನ್ನು ಅವರನ್ನು ಕೇಳುವುದರಿಂದ ಆರಂಭಿಸಬಹುದು. ಈ ವರ್ಷದ ಚೌತಿಗೆ ಮುನ್ನವೇ.